ಕಟ್ಟಿದವರು ಯಾವಾಗ ಬಿಟ್ಟುಕೊಡಬೇಕು? ವೆಂಗರ್ ಮತ್ತು ಆರ್ಸೆನಲ್‌ನ 22 ವರ್ಷ

ಶನಿವಾರ, ಭಾನುವಾರ ಬಂತೆಂದರೆ ನಮ್ಮ ಹಲವು ಮನೆಗಳಲ್ಲಿ ಟಿವಿಯ ರಿಮೋಟ್ ಹುಡುಗರ ಕೈಗೆ ಹೋಗುತ್ತದೆ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಮ್ಯಾಚ್ ಮುಗಿಯುವ ತನಕ ಉಮ್ಮ ಎಷ್ಟು ಕರೆದರೂ ಊಟಕ್ಕೆ ಏಳುವವರಿಲ್ಲ. ಈ ಹುಡುಗರ ನಡುವೆ ಆರ್ಸೆನಲ್ ಅಭಿಮಾನಿಗಳದ್ದೇ ಒಂದು ಗುಂಪು. ಆ ಗುಂಪನ್ನು ವರ್ಷಗಟ್ಟಲೆ ಎರಡು ಭಾಗ ಮಾಡಿದ್ದು ಒಂದೇ ಪ್ರಶ್ನೆ: ಮ್ಯಾನೇಜರ್ ಆರ್ಸೆನ್ ವೆಂಗರ್ ಹೋಗಬೇಕೋ, ಇರಬೇಕೋ?

ವೆಂಗರ್ 2018ರಲ್ಲಿ ಹೋದರು. ಆದರೆ ಪ್ರಶ್ನೆ ಹೋಗಲಿಲ್ಲ. ಒಂದು ಸಂಸ್ಥೆಯನ್ನು ಬೆವರು ಸುರಿಸಿ ಬೆಳೆಸಿದ ಹಿರಿಯರು ಎಷ್ಟು ಕಾಲ ಆ ಕುರ್ಚಿಯಲ್ಲಿರಬೇಕು, ಸಾಕು ಅಂತ ಹೇಳಬೇಕಾದವರು ಯಾರು, ಹೇಗೆ ಹೇಳಬೇಕು ಎಂಬುದು ಫುಟ್‌ಬಾಲ್ ಮೈದಾನದ ಮಾತು ಮಾತ್ರ ಅಲ್ಲ. ಹಾಗಾಗಿ ಆ ಕಥೆಯನ್ನು ಈ ವಾರ ಸ್ವಲ್ಪ ಸಾವಕಾಶವಾಗಿ ನೋಡೋಣ.

ಯಾರಿಗೂ ಗೊತ್ತಿಲ್ಲದ ಮನುಷ್ಯ

1996ರ ಅಕ್ಟೋಬರ್‌ನಲ್ಲಿ ವೆಂಗರ್ ಲಂಡನ್‌ಗೆ ಬಂದಾಗ ಅವರಿಗೆ 46 ವರ್ಷ. ಅದಕ್ಕೆ ಮುಂಚೆ ಜಪಾನಿನ ನಗೋಯಾ ಗ್ರಾಂಪಸ್ ತಂಡದಲ್ಲಿದ್ದರು. 'ಈ ಆರ್ಸೆನ್ ಯಾರು?' ಎಂಬ ಅರ್ಥದಲ್ಲಿ ಅಲ್ಲಿನ ಪತ್ರಿಕೆಯೊಂದು ತಲೆಬರಹ ಹಾಕಿತು. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಅಂದರೆ ಬರೀ ಕೋಚ್ ಅಲ್ಲ. ಯಾರನ್ನು ಖರೀದಿಸಬೇಕು, ಯಾರನ್ನು ಮಾರಬೇಕು, ಆಟಗಾರರು ಏನು ತಿನ್ನಬೇಕು ಎಂಬುದೆಲ್ಲ ಅವರ ತಲೆ ಮೇಲೆಯೇ. ವೆಂಗರ್ ಬಂದವರೇ ಆಟಗಾರರ ಊಟ ಬದಲಿಸಿದರು. ಚಾಕಲೇಟ್ ಕಡಿಮೆಯಾಯಿತು, ಮದ್ಯದ ಚಟಕ್ಕೆ ಕಡಿವಾಣ ಬಿತ್ತು. ಎರಡನೇ ಋತುವಿನಲ್ಲೇ, 1998ರಲ್ಲಿ, ಲೀಗ್ ಮತ್ತು ಎಫ್‌ಎ ಕಪ್ ಎರಡೂ ಬಂದವು. ಬ್ರಿಟನ್, ಐರ್ಲೆಂಡ್ ಹೊರಗಿನ ಮ್ಯಾನೇಜರ್ ಒಬ್ಬರು ಇಂಗ್ಲೆಂಡಿನ ಲೀಗ್ ಗೆದ್ದದ್ದು ಅದೇ ಮೊದಲು.

ವ್ಯಾಪಾರ ಗೊತ್ತಿರುವ ನಮ್ಮವರಿಗೆ ಅವರ ಇನ್ನೊಂದು ಗುಣ ಇಷ್ಟವಾದೀತು. ನಿಕೊಲಾ ಅನೆಲ್ಕಾ ಎಂಬ ಹುಡುಗನನ್ನು ಸುಮಾರು 5 ಲಕ್ಷ ಪೌಂಡ್‌ಗೆ ತಂದು, 1999ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 2.2 ಕೋಟಿ ಪೌಂಡ್‌ಗೂ ಹೆಚ್ಚಿನ ಬೆಲೆಗೆ ಮಾರಿದರು. ಅದೇ ವರ್ಷ ಥಿಯರಿ ಹೆನ್ರಿಯನ್ನು ತಂದರು. 2003-04ರಲ್ಲಿ ಆರ್ಸೆನಲ್ ಲೀಗ್‌ನ 38 ಪಂದ್ಯಗಳಲ್ಲಿ 26 ಗೆದ್ದು, 12 ಡ್ರಾ ಮಾಡಿ, ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಸೋಲಿಲ್ಲದ ಆ ಓಟ ಒಟ್ಟು 49 ಪಂದ್ಯಗಳವರೆಗೆ ಹೋಯಿತು. ಹೆನ್ರಿ, ವಿಯೇರಾ, ಕೋಲೊ ಟೂರೆ ಇದ್ದ ಆ ತಂಡದ ಹೆಸರು ಹೇಳಿದರೆ ಇವತ್ತಿಗೂ ಅಭಿಮಾನಿಗಳ ಮುಖ ಅರಳುತ್ತದೆ.

ಮನೆ ಕಟ್ಟಿದ ಸಾಲ

ಆಮೇಲೆ ಬಂದದ್ದು ಹೊಸ ಸ್ಟೇಡಿಯಂ. ಸುಮಾರು 38,000 ಮಂದಿ ಹಿಡಿಯುವ ಹಳೆಯ ಹೈಬರಿ ಮೈದಾನ ಬಿಟ್ಟು, 2006ರಲ್ಲಿ 60,000 ಆಸನಗಳ ಹೊಸ ಮೈದಾನಕ್ಕೆ ಕ್ಲಬ್ ಹೋಯಿತು. ದುಬೈಯ ಎಮಿರೇಟ್ಸ್ ವಿಮಾನ ಕಂಪೆನಿಯ ಹೆಸರನ್ನೇ ಅದಕ್ಕೆ ಇಟ್ಟರು. ಗಲ್ಫ್‌ಗೆ ಹೋಗಿ ಬರುವ ನಮ್ಮ ಮನೆಗಳಿಗೆ ಆ ಹೆಸರು ಗೊತ್ತಿಲ್ಲದ್ದೇನೂ ಅಲ್ಲ.

ಮನೆ ಕಟ್ಟಿದವರಿಗೆ ಸಾಲದ ಕಷ್ಟ ಗೊತ್ತು. ಒಂದು ಕಡೆ ಸಾಲದ ಕಂತು, ಇನ್ನೊಂದು ಕಡೆ ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿಗೆ ಬಂದ ಶ್ರೀಮಂತ ಮಾಲಕರ ದುಡ್ಡಿನ ಹೊಳೆ. ವೆಂಗರ್ ಒಳ್ಳೆಯ ಆಟಗಾರರನ್ನು ಬೆಳೆಸಿದರು, ಬೆಳೆದವರು ಹೋದರು. 2011ರಲ್ಲಿ ಫ್ಯಾಬ್ರೆಗಸ್ ಬಾರ್ಸಿಲೋನಾಕ್ಕೆ, ನಸ್ರಿ ಸಿಟಿಗೆ. ಮರುವರ್ಷ ವಾನ್ ಪರ್ಸಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋಗಿ, ಹೋದ ವರ್ಷವೇ ಲೀಗ್ ಗೆದ್ದರು. ಆರ್ಸೆನಲ್‌ಗೆ 2005ರಿಂದ 2014ರ ತನಕ ಒಂದು ಕಪ್ಪೂ ಬರಲಿಲ್ಲ. ಆದರೂ ತಂಡ ಪ್ರತಿ ವರ್ಷ ಮೊದಲ ನಾಲ್ಕರೊಳಗೇ ಇತ್ತು. 2016ರ ತನಕ ಸತತ 20 ಋತು. ಅದರಿಂದ ಬರುವ ಚಾಂಪಿಯನ್ಸ್ ಲೀಗ್ ಹಣ ಕ್ಲಬ್ಬಿಗೆ ದೊಡ್ಡ ಆಸರೆ.

'ವೆಂಗರ್ ಇರಲಿ' ಎಂದವರ ವಾದ ಇದೇ. ಸಾಲದ ಕಾಲದಲ್ಲಿ ಮನೆ ಬೀಳದಂತೆ ಹಿಡಿದುಕೊಂಡವರನ್ನು ಸಾಲ ಇಳಿಯುವ ಹೊತ್ತಿಗೆ ಹೊರಗೆ ಕಳಿಸುವುದು ಯಾವ ನ್ಯಾಯ ಮಾರಾಯ್ರೆ? ಈ ವಾದವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಸತ್ಯವಿದೆ, ಋಣದ ನೆನಪೂ ಇದೆ.

ಲೆಕ್ಕ ಬೇರೆ ಹೇಳಿತು

ಆದರೆ ಇನ್ನೊಂದು ಪಕ್ಷದ ಲೆಕ್ಕವೂ ಚಿಕ್ಕದಲ್ಲ. 2011ರ ಆಗಸ್ಟ್‌ನಲ್ಲಿ ಯುನೈಟೆಡ್ ಎದುರು 8-2 ಸೋಲು. 2014ರ ಮಾರ್ಚ್‌ನಲ್ಲಿ ವೆಂಗರ್ ಅವರ ಸಾವಿರದ ಪಂದ್ಯ. ಅದರಲ್ಲೇ ಚೆಲ್ಸಿ ಎದುರು 6-0. ಎರಡು ತಿಂಗಳ ಬಳಿಕ ಎಫ್‌ಎ ಕಪ್ ಫೈನಲ್‌ನಲ್ಲಿ ಹಲ್ ಸಿಟಿ ಎದುರು ಎರಡು ಗೋಲು ಹಿಂದಿದ್ದು 3-2ರಲ್ಲಿ ಗೆದ್ದಾಗ ಬರ ಮುಗಿಯಿತು. ಮರುವರ್ಷವೂ ಅದೇ ಕಪ್. ದುಡ್ಡಿನ ಬಿಗಿಯೂ ಸಡಿಲವಾಗಿತ್ತು. 2013ರಲ್ಲಿ ಓಝಿಲ್‌ಗಾಗಿ ನಾಲ್ಕು ಕೋಟಿ ಪೌಂಡ್ ದಾಟಿ ಖರ್ಚು ಮಾಡಿದ್ದರು. 'ಸಾಲ ಇದೆ' ಎಂಬ ಕಾರಣ ಇನ್ನು ಮುಂಚಿನಷ್ಟು ನಡೆಯುವಂತಿರಲಿಲ್ಲ.

2015-16ರಲ್ಲಿ ದೊಡ್ಡ ಕ್ಲಬ್‌ಗಳೆಲ್ಲ ಎಡವಿದವು. ಲೀಗ್ ಗೆದ್ದದ್ದು ಯಾರೂ ಎಣಿಸದ ಲೆಸ್ಟರ್ ಸಿಟಿ. ಆರ್ಸೆನಲ್ 10 ಅಂಕ ಹಿಂದೆ, ಎರಡನೇ ಸ್ಥಾನ. ಲೆಸ್ಟರ್‌ಗೆ ಸಾಧ್ಯವಾದದ್ದು ನಮಗೆ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ದುಡ್ಡಿನ ಉತ್ತರ ಸಾಲುತ್ತಿರಲಿಲ್ಲ. 2017ರಲ್ಲಿ ಬಯರ್ನ್ ಮ್ಯೂನಿಕ್ ಎರಡೂ ಪಂದ್ಯಗಳಲ್ಲಿ 5-1ರಿಂದ ಸೋಲಿಸಿತು. ಅದೇ ಮಾರ್ಚ್‌ನಲ್ಲಿ ವೆಸ್ಟ್ ಬ್ರಾಮ್ ಮೈದಾನದ ಮೇಲೆ ಒಂದು ವಿಮಾನ 'ವೆಂಗರ್ ಹೊರಗೆ' ಎಂಬ ಬ್ಯಾನರ್ ಎಳೆದುಕೊಂಡು ಹಾರಿತು, ಇನ್ನೊಂದು ವಿಮಾನ ಅವರ ಪರವಾಗಿ ಹಾರಿತು. ಕೆಳಗೆ ತಂಡ 3-1ರಿಂದ ಸೋತಿತು.

ಆ ಋತುವಿನಲ್ಲಿ ಆರ್ಸೆನಲ್ ಐದನೇ ಸ್ಥಾನಕ್ಕೆ ಇಳಿಯಿತು. ಆದರೆ ಮೇ ತಿಂಗಳಲ್ಲಿ ಚಾಂಪಿಯನ್ ಚೆಲ್ಸಿಯನ್ನೇ ಫೈನಲ್‌ನಲ್ಲಿ 2-1ರಿಂದ ಸೋಲಿಸಿ ವೆಂಗರ್ ಏಳನೇ ಎಫ್‌ಎ ಕಪ್ ಎತ್ತಿದರು. ಬೇರೆ ಯಾವ ಮ್ಯಾನೇಜರ್‌ಗೂ ಅಷ್ಟು ಸಿಕ್ಕಿಲ್ಲ. ನಮ್ಮ ಅಭಿಪ್ರಾಯದಲ್ಲಿ ಸಲಾಂ ಹೇಳಿ ಹೊರಡಲು ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ. ಬದಲಿಗೆ ಎರಡು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ಮ್ಯಾಂಚೆಸ್ಟರ್ ಸಿಟಿಗೆ 100 ಅಂಕ, ಆರ್ಸೆನಲ್‌ಗೆ 63, ಆರನೇ ಸ್ಥಾನ. ಗ್ಯಾಲರಿಯಲ್ಲಿ ಖಾಲಿ ಕುರ್ಚಿಗಳು ಕಾಣತೊಡಗಿದವು. 2018ರ ಏಪ್ರಿಲ್ 20ರಂದು, ಒಪ್ಪಂದ ಮುಗಿಯಲು ಇನ್ನೂ ಒಂದು ವರ್ಷ ಇರುವಾಗಲೇ, ನಿರ್ಗಮನದ ಪ್ರಕಟಣೆ ಬಂತು. ಒಟ್ಟು 1,235 ಪಂದ್ಯ.

ಹೇಳಬೇಕಾದವರು ಹೇಳಲಿಲ್ಲ

ಇಲ್ಲಿ ತಪ್ಪು ಯಾರದ್ದು? ಕೂಗಿದ ಅಭಿಮಾನಿಗಳದ್ದು ಅಂತ ಹೇಳುವುದು ಸುಲಭ. ಇಂಗ್ಲೆಂಡಿನಲ್ಲೇ ಅತಿ ದುಬಾರಿ ಟಿಕೆಟ್‌ಗಳ ಸಾಲಿನಲ್ಲಿ ಆರ್ಸೆನಲ್‌ನದ್ದೂ ಇತ್ತು. ದುಡ್ಡು ಕೊಟ್ಟು ಬಂದವರಿಗೆ ಕೇಳುವ ಹಕ್ಕಿದೆ. ಕುರ್ಚಿ ಬಿಡದ ವೆಂಗರ್ ಪಾಲೂ ಇದೆ. ಇಪ್ಪತ್ತು ವರ್ಷ ಒಂದೇ ಕೆಲಸವನ್ನು ಉಸಿರಾಗಿಸಿಕೊಂಡವರಿಗೆ ಅದರ ಹೊರಗೆ ತಾನು ಯಾರು ಎಂಬುದೇ ಕಾಣುವುದಿಲ್ಲ.

ಆದರೆ ದೊಡ್ಡ ಪಾಲು ಆಡಳಿತ ಮಂಡಳಿಯದ್ದು ಎನ್ನುತ್ತೇವೆ ನಾವು. ಕ್ಲಬ್ಬಿನ ಲೆಕ್ಕ, ಆಟಗಾರರ ಖರೀದಿ, ಮುಂದಿನ ಮ್ಯಾನೇಜರ್ ಯಾರು ಎಂಬುದರ ಬಗ್ಗೆ ಉತ್ತರ ಕೊಡಬೇಕಾದವರು ಹಿಂದೆ ಉಳಿದರು, ಪ್ರತಿ ಸೋಲಿಗೂ ಪತ್ರಕರ್ತರ ಎದುರು ಕೂತದ್ದು ಒಬ್ಬ ವೆಂಗರ್. ಹಿರಿಯರನ್ನು ಒಳಗೆ ಕರೆದು ಗೌರವದಿಂದ ಆಡಬೇಕಾದ ಮಾತನ್ನು ಬೀದಿಗೆ ಬಿಟ್ಟರೆ, ಬೀದಿ ತನ್ನ ಭಾಷೆಯಲ್ಲೇ ಹೇಳುತ್ತದೆ. ಅಗೌರವ ಆಗಬಾರದು ಅಂತ ಸುಮ್ಮನಿದ್ದದ್ದೇ ಕೊನೆಗೆ ದೊಡ್ಡ ಅಗೌರವಕ್ಕೆ ದಾರಿಯಾಯಿತು.

2018ರ ಮೇ 6ರಂದು ಅವರ ಕೊನೆಯ ಹೋಂ ಪಂದ್ಯದಲ್ಲಿ ಆರ್ಸೆನಲ್ ಬರ್ನ್‌ಲಿಯನ್ನು 5-0ರಿಂದ ಸೋಲಿಸಿತು. ಸೋಲಿಲ್ಲದ ಋತುವಿನ ಚಿನ್ನದ ಟ್ರೋಫಿಯನ್ನು ಕ್ಲಬ್ ಅವರ ಕೈಗೇ ಕೊಟ್ಟಿತು. ಆದರೆ ಪಂದ್ಯ ನೋಡಲು ವೆಂಗರ್ ಮತ್ತೆ ಆ ಮೈದಾನಕ್ಕೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ನಾಲ್ಕೂವರೆ ವರ್ಷ! ತಾನೇ ಕಟ್ಟಿದ ಮನೆಗೆ ಅಷ್ಟು ಕಾಲ ಕಾಲಿಡದೆ ಇದ್ದರೆಂದರೆ ನೋವು ಎಷ್ಟಿತ್ತೆಂದು ಊಹಿಸಬಹುದು.

ಹೋದರೆ ಎಲ್ಲ ಸರಿಯಾಯಿತೇ?

ಇಲ್ಲ. ಮುಂದೆ ಬಂದ ಉನಾಯ್ ಎಮೆರಿ ಒಂದೂವರೆ ವರ್ಷ ಉಳಿದರು. ಆಮೇಲೆ ಆರ್ಸೆನಲ್ ಎರಡು ವರ್ಷ ಎಂಟನೇ ಸ್ಥಾನದಲ್ಲಿ ನಿಂತಿತು. ವೆಂಗರ್ ಅವರ ಕೈಕೆಳಗೆ ನಾಯಕನಾಗಿದ್ದ ಮಿಕೆಲ್ ಆರ್ಟೆಟಾ ಬಂದು, ಸಾವಕಾಶವಾಗಿ ಮತ್ತೆ ಕಟ್ಟಿ, 2023ರಿಂದ ಸತತ ಮೂರು ಬಾರಿ ಎರಡನೇ ಸ್ಥಾನಕ್ಕೆ ತಂದರು.

ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್ 2013ರಲ್ಲಿ ಲೀಗ್ ಗೆದ್ದು, ತಾವಾಗಿಯೇ ಎದ್ದು ಹೋದರು. ಸರಿಯಾದ ಹೊತ್ತಿಗೆ ಹೊರಟರೂ ಮುಂದಿನ ತಯಾರಿ ಇರಲಿಲ್ಲ. ಆರು ವರ್ಷದ ಒಪ್ಪಂದದ ಮೇಲೆ ಬಂದ ಡೇವಿಡ್ ಮೊಯೆಸ್ ಹತ್ತು ತಿಂಗಳೂ ಉಳಿಯಲಿಲ್ಲ. ಇನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಎರಡು ಯುರೋಪಿಯನ್ ಕಪ್ ತಂದ ಬ್ರಯನ್ ಕ್ಲಫ್ 18 ವರ್ಷ ಕೂತು, 1993ರಲ್ಲಿ ತಂಡ ಕೆಳಗಿನ ದರ್ಜೆಗೆ ಬಿದ್ದಾಗ ಹೊರಟರು. ಹೊರಡುವ ದಿನದ ಜೊತೆಗೆ ಮುಂದಿನವರ ತಯಾರಿಯೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಪೆಟ್ಟು ಬೀಳುವುದು ಸಂಸ್ಥೆಗೆ.

ನಮ್ಮೂರಿನ ಮಾತು

ನಮ್ಮಲ್ಲೂ ಇಪ್ಪತ್ತು ವರ್ಷದಿಂದ ಒಬ್ಬರೇ ನಡೆಸುವ ಸ್ಪೋರ್ಟ್ಸ್ ಕ್ಲಬ್‌ಗಳಿವೆ, ಮಗನಿಗೆ ನಲವತ್ತು ದಾಟಿದರೂ ಗಲ್ಲಾ ಪೆಟ್ಟಿಗೆ ಬಿಡದ ಅಂಗಡಿಗಳಿವೆ. ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. 'ಕಾಕನ ಎದುರು ಹೇಗೆ ಹೇಳುವುದು?' ಅಂತ ಹೊರಗೆ ಗುಸುಗುಸು, ಎದುರಿಗೆ ಮೌನ. ಹೇಳುವುದಾದರೆ ಕಪ್ ಗೆದ್ದ ವರ್ಷ ಹೇಳಿ, ಸೋತ ವರ್ಷ ಬೇಡ. ಕುರ್ಚಿ ಬಿಟ್ಟವರಿಗೆ ಮಾಡಲು ಗೌರವದ ಇನ್ನೊಂದು ಕೆಲಸ ಇರಲಿ.

ವೆಂಗರ್‌ಗೂ ಅಂಥ ಕೆಲಸ ಸಿಕ್ಕಿತು. 2019ರಲ್ಲಿ ಫಿಫಾ ಅವರನ್ನು ಜಗತ್ತಿನ ಫುಟ್‌ಬಾಲ್ ಬೆಳೆಸುವ ಹೊಣೆಗೆ ಕರೆಯಿತು. 2023ರ ಜುಲೈಯಲ್ಲಿ ಆರ್ಸೆನಲ್ ಮೈದಾನದ ಹೊರಗೆ ಅವರ ಕಂಚಿನ ಪ್ರತಿಮೆ ನಿಂತಿತು. ಅದೇ ನವೆಂಬರ್‌ನಲ್ಲಿ ಅವರು ಭುವನೇಶ್ವರಕ್ಕೆ ಬಂದು, ನಮ್ಮ ದೇಶದ ಹುಡುಗರಿಗಾಗಿ ಫಿಫಾ ಮತ್ತು ಭಾರತೀಯ ಫುಟ್‌ಬಾಲ್ ಫೆಡರೇಷನ್ ಸೇರಿ ಮಾಡಿದ ಅಕಾಡೆಮಿಯನ್ನು ಉದ್ಘಾಟಿಸಿದರು. ಆಗ ಅವರಿಗೆ 74 ವರ್ಷ.