ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಗುಂಡಿ ಒತ್ತಿದ ಕೂಡಲೇ ಪೆಟ್ಟಿಗೆಯೊಳಗಿನ ಫ್ಯಾನು ಗರ‍್ರನೆ ತಿರುಗುತ್ತದೆ. ಮುಂಬದಿಯ ದೀಪವೂ ಹತ್ತುತ್ತದೆ. ಪರದೆ ಮಾತ್ರ ಅಮಾವಾಸ್ಯೆಯ ಆಕಾಶ. ಮರುದಿನವೇ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದ ವಿದ್ಯಾರ್ಥಿಗೆ ಎದೆ ಧಸಕ್ಕೆನ್ನುತ್ತದೆ. ಅಪ್ಪನಿಗೆ ಖರ್ಚಿನ ಚಿಂತೆ. ‘ಡಿಸ್‌ಪ್ಲೇ ಬರವಲ್ದ್ರೀ’ ಎನ್ನುತ್ತ ಪೆಟ್ಟಿಗೆ ಹೊತ್ತು ಜಮಖಂಡಿಯ ಪೇಟೆಗೆ ಹೊರಡುವ ಮುನ್ನ ಮನೆಯಲ್ಲೇ ನೋಡಬಹುದಾದ ಸಂಗತಿಗಳು ಸಾಕಷ್ಟಿವೆ.

ಮೊದಲು ಮಾನಿಟರನ್ನೇ ವಿಚಾರಿಸಬೇಕು. ಅದರ ಕೇಬಲನ್ನು ಪೆಟ್ಟಿಗೆಯಿಂದ ಕಿತ್ತು, ಮಾನಿಟರ್ ಮಾತ್ರ ಚಾಲೂ ಮಾಡಿ. ‘ನೋ ಸಿಗ್ನಲ್’ ಎಂದೋ ‘ಚೆಕ್ ಕೇಬಲ್’ ಎಂದೋ ಅಕ್ಷರ ಮೂಡಿದರೆ ಅದು ಬದುಕಿದೆ, ಹೊಸದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲ್ ಸಿಕ್ಕಿಸಬೇಕಾದದ್ದು ಆ ಕಾರ್ಡಿಗೆ. ಕಸ ಗುಡಿಸುವಾಗ ಕಳಚಿದ ಕೇಬಲನ್ನು ಯಾರೋ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಕತ್ತಲೆ ಖಚಿತ.

ಇನ್ನೊಂದು ಪರೀಕ್ಷೆ ಕೀಲಿಮಣೆಯದು. ‘ನಮ್ ಲಾಕ್’ ಒತ್ತಿದಾಗ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ಕೆಲಸ ಮಾಡುತ್ತಿದೆ, ಚಿತ್ರವಷ್ಟೇ ಹೊರಬರುತ್ತಿಲ್ಲ ಎಂದು ತಿಳಿಯಬಹುದು.

ಚಾಲೂ ಆದೊಡನೆ ಕಂಪ್ಯೂಟರ್ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೇ ಈ ವ್ಯವಸ್ಥೆಯಿತ್ತು: ಎಲ್ಲ ಸರಿಯಿದ್ದರೆ ಒಂದು ಗಿಡ್ಡ ಬೀಪ್. ಪರದೆಯೇ ಕೈಕೊಟ್ಟಾಗ ಹೇಳಿಕೊಳ್ಳಲು ಅದಕ್ಕಿರುವುದು ಸದ್ದೊಂದೇ ತಾನೆ! ಅವಾರ್ಡ್ ಬಯಾಸ್ ಇರುವ ಯಂತ್ರ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೊಟ್ಟರೆ ದೋಷ ಚಿತ್ರದ ಕಾರ್ಡಿನದು. ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮಿನದು. ಬೇರೆ ಕಂಪನಿಗಳ ಸಂಕೇತ ಬೇರೆ. ಎಷ್ಟೋ ಹೊಸ ಬೋರ್ಡುಗಳಲ್ಲಿ ಸ್ಪೀಕರೇ ಇಲ್ಲ, ಪುಟ್ಟ ದೀಪಗಳು ಆ ಕೆಲಸ ಮಾಡುತ್ತವೆ.

ಈ ಸೀಮೆಯಲ್ಲಿ ರ‍್ಯಾಮ್ ಕೈಕೊಡಲು ಧೂಳೂ ಒಂದು ಕಾರಣ. ರಬಕವಿ–ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹಾರಾಡುವ ಹತ್ತಿಯ ನವಿರು ಫ್ಯಾನಿನ ಗಾಳಿಯೊಡನೆ ಒಳಹೊಕ್ಕು ಪದರವಾಗಿ ಕೂರುತ್ತದೆ. ಮುಧೋಳದ ಕಡೆ ಸುಣ್ಣಕಲ್ಲಿನ ಪುಡಿ. ಬಿಸಿ ಹೊರಹೋಗದೆ ಪ್ರೊಸೆಸರ್ ಕಾಯುತ್ತದೆ, ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳು ಸರಿಯಾಗಿ ತಾಗುವುದಿಲ್ಲ. ಹಾಗಾದಾಗ ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು. ಬಳಿಕ ಚಾಲೂ ಗುಂಡಿಯನ್ನು ಒಂದೆರಡು ಸಲ ಒತ್ತಿದರೆ ಉಳಿದ ವಿದ್ಯುತ್ತೂ ಖಾಲಿಯಾಗುತ್ತದೆ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯಲ್ಲಿನ ಸ್ಥಿರವಿದ್ಯುತ್ ಕಳೆದುಕೊಂಡು, ರ‍್ಯಾಮ್ ತೆಗೆದು, ಒಣ ಮೃದು ಬಟ್ಟೆಯಿಂದ ಪಟ್ಟಿ ಒರೆಸಿ, ಎರಡೂ ಕಡೆಯ ಕೊಕ್ಕೆ ಕಟಕ್ಕೆನ್ನುವಂತೆ ಮತ್ತೆ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ಬಾಯಿಂದ ಊದುವುದು ಬೇಡ. ಎಂಜಲಿನ ತೇವ ಒಳಗೆ ಹೋಗುತ್ತದೆ.

ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ 3 ವೋಲ್ಟಿನ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟರೆ ತಪ್ಪು ಸೆಟ್ಟಿಂಗ್ ಅಳಿಸಿ ಚಿತ್ರ ಮರಳುವುದೂ ಉಂಟು.

ಫ್ಯಾನು ತಿರುಗಿದ ಮಾತ್ರಕ್ಕೆ ವಿದ್ಯುತ್ ಸರಿಯಿದೆ ಎನ್ನಲಾಗದು. ಫ್ಯಾನಿಗೆ ಬೇಕಾದದ್ದು 12 ವೋಲ್ಟ್ ಮಾತ್ರ; ಪ್ರೊಸೆಸರಿಗೆ ವಿದ್ಯುತ್ ಬರುವುದು ಬೇರೊಂದು ತಂತಿಯಿಂದ. ಅದು ಸಡಿಲಾಗಿದ್ದರೂ ಪರದೆ ಕಪ್ಪೇ. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗಿನಂತೆ ನೀರು ಹೊಕ್ಕ ಕಂಪ್ಯೂಟರನ್ನಂತೂ ಪರೀಕ್ಷೆಗೆಂದೂ ಚಾಲೂ ಮಾಡಕೂಡದು. ನೇರ ಮೆಕ್ಯಾನಿಕ್ ಬಳಿಗೆ ಒಯ್ಯಬೇಕು.

ಅಂಗಡಿಯಲ್ಲಿ ಏನೇನು ಪರೀಕ್ಷಿಸಿದಿರಿ ಎಂಬುದನ್ನು ಹೇಳಿ, ಬದಲಿಸಿದ ಹಳೆಯ ಭಾಗವನ್ನು ಮರಳಿ ಕೇಳಿ. ಇನ್ನು ಆ ಪ್ರಾಜೆಕ್ಟ್ ವರದಿ: ಪರದೆ ಕಪ್ಪಾದರೆ ಕಡತಗಳು ಅಳಿಯುವುದಿಲ್ಲ. ಹಾರ್ಡ್ ಡಿಸ್ಕ್ ಸರಿಯಿದ್ದರೆ ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ವರದಿ ತೆಗೆದುಕೊಳ್ಳಬಹುದು. ‘ಫಾರ್ಮ್ಯಾಟ್ ಮಾಡೋಣವೇ?’ ಎಂದು ಅಂಗಡಿಯವರು ಕೇಳಿದರೆ ಅದಕ್ಕೂ ಮೊದಲು ಈ ಕೆಲಸ ಮಾಡಿಸಬೇಕು.