ಜೂನ್ ಒಂದಕ್ಕೆ ಹುಟ್ಟಿದವರು

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವುದೇ ಹಳ್ಳಿಯ ಹಳೆಯ ಶಾಲಾ ದಾಖಲಾತಿ ಪುಸ್ತಕ ತೆರೆದರೂ ಸಾಲುಸಾಲಾಗಿ ಒಂದೇ ಜನ್ಮದಿನಾಂಕ ಕಣ್ಣಿಗೆ ಬೀಳುತ್ತದೆ: ಜೂನ್ 1. ಆ ಊರಿನ ಮಕ್ಕಳೆಲ್ಲ ಮುಂಗಾರಿನ ಮೊದಲ ದಿನವೇ ಹುಟ್ಟಿದವರಲ್ಲ. ಶಾಲೆಗೆ ಸೇರಿಸಲು ಬಂದ ತಾಯಿ ‘ಹೋಳಿ ಹುಣ್ಣಿವಿ ಆದಮ್ಯಾಲೆ ಹುಟ್ಯಾನ್ರೀ’ ಎಂದಿರುತ್ತಾಳೆ. ವರ್ಷ ಯಾವುದೆಂದು ಆಕೆಗೆ ಗೊತ್ತಿಲ್ಲ. ಮೇಷ್ಟ್ರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಆರು ವರ್ಷ ತುಂಬುವ ಹಾಗೆ ಲೆಕ್ಕ ಹಾಕಿ, ಶಾಲೆ ಶುರುವಾಗುವ ತಿಂಗಳ ಮೊದಲ ತಾರೀಖು ಬರೆದುಬಿಡುತ್ತಿದ್ದರು. ಆ ಕಾಲಕ್ಕೆ ಅದು ಮಗುವಿಗೆ ಮಾಡಿದ ಉಪಕಾರವೇ ಆಗಿತ್ತು. ಇಪ್ಪತ್ತು ವರ್ಷದ ಮೇಲೆ ಅದೇ ಹುಡುಗ ಪಾಸ್‌ಪೋರ್ಟ್ ಅರ್ಜಿ ತುಂಬಲು ಕೂತಾಗ ಆಧಾರ್‌ನಲ್ಲಿ ಒಂದು ತಾರೀಖು, ಅಂಕಪಟ್ಟಿಯಲ್ಲಿ ಇನ್ನೊಂದು ತಾರೀಖು ಎದುರಾಗುತ್ತದೆ. ಪರದೇಶಕ್ಕೆ ಹೋಗುವ ದಾರಿ ವಿಮಾನ ನಿಲ್ದಾಣದಲ್ಲಿ ಅಲ್ಲ, ಆ ದಾಖಲಾತಿ ಪುಸ್ತಕದಲ್ಲಿ ಶುರುವಾಗುತ್ತದೆ.

ಊರು ಬಿಟ್ಟು ದುಡಿಯುವುದು ಕೊಪ್ಪಳ ಜಿಲ್ಲೆಗೆ ಹೊಸದಲ್ಲ. ಅದಕ್ಕೆ ಇಲ್ಲಿನ ಮಾತಿನಲ್ಲಿ ತನ್ನದೇ ಹೆಸರಿದೆ: ಗುಳೆ. ಮಳೆ ಕೈಕೊಟ್ಟ ವರ್ಷ, ಇಲ್ಲವೇ ರಾಶಿ ಮುಗಿದ ಮೇಲೆ, ಜೋಳದ ಹಿಟ್ಟಿನ ಚೀಲ, ಖಾರದಪುಡಿ ಡಬ್ಬಿ, ಹಾಸಿಗೆ ಸುರುಳಿ ಹೊತ್ತ ಕುಟುಂಬಗಳು ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿನ ಬಸ್ಸಿಗೆ ಕಾಯುತ್ತವೆ. ಗೌಂಡಿ ಕೆಲಸ, ಸೆಂಟ್ರಿಂಗ್, ರಸ್ತೆ, ಬಂದರು, ಏನು ಸಿಕ್ಕರೂ ಸರಿ. ಮುದುಕರೂ ಶಾಲೆಗೆ ಹೋಗುವ ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಗುಳೆಗೆ ಬೇಕಾದದ್ದು ಒಬ್ಬ ಪರಿಚಯದ ಮೇಸ್ತ್ರಿ ಮತ್ತು ಒಂದು ಟಿಕೆಟ್ಟು, ಅಷ್ಟೇ. ಜನ್ಮದಿನಾಂಕ ಯಾರೂ ಕೇಳುವುದಿಲ್ಲ. ಈಗ ಇಷ್ಟು ಹತ್ತಿರವಾದ ಗೋವಾ 1961ರ ಡಿಸೆಂಬರಿನವರೆಗೂ ಪೋರ್ಚುಗೀಸರ ಕೈಯಲ್ಲಿದ್ದ ಪರದೇಶವೇ ಆಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಗಡಿ ಎಂಬುದು ದೂರದ ಮಾತಲ್ಲ, ಕಾಗದದ ಮಾತು.

ಜಿಲ್ಲೆಯೊಳಗೇ ಎರಡು ಲೋಕಗಳಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿ ಭಾಗ ಭತ್ತದ ಕಣಜವಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ಜಮೀನು ಕೊಂಡು ನೆಲೆಸಿದ ಊರುಗಳಿಗೆ ಇವತ್ತಿಗೂ ‘ಕ್ಯಾಂಪು’ ಎಂದೇ ಹೆಸರು. ಕಾಲುವೆ ಮುಟ್ಟದ ಕುಷ್ಟಗಿ, ಯಲಬುರ್ಗಾಗಳು ಮಳೆ ನಂಬಿದ ಎರಿ, ಮಸಾರಿ ಹೊಲಗಳಲ್ಲೇ ಉಳಿದವು. ಅಲ್ಲಿ ದಾಳಿಂಬೆ ಹಾಕಿ ಕೈತುಂಬ ಹಣ ಕಂಡವರೂ ದುಂಡಾಣು ಅಂಗಮಾರಿ ರೋಗಕ್ಕೆ ತೋಟ ಕಳೆದುಕೊಂಡರು. ನೀರಾವರಿಯ ಮನೆಯವರು ಮಗನನ್ನು ಹೈದರಾಬಾದಿಗೆ ಕಳಿಸಿ ಅಲ್ಲಿಂದ ಅಮೆರಿಕದ ಎಂಎಸ್‌ಗೆ ದಾರಿ ಹುಡುಕಬಲ್ಲರು. ಒಣಬೇಸಾಯದ ಮನೆಗೆ ಕಾಣುವುದು ಕೊಲ್ಲಿ, ಅದೂ ಏಜೆಂಟನ ಬಾಯಲ್ಲಿ. ‘ಫಾರಿನ್’ ಎಂಬ ಪದ ಒಂದೇ ಆದರೂ ಎರಡು ಕಡೆ ಅದರ ಅರ್ಥ ಬೇರೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂಬ ಗುರುತು ಬೀಳುತ್ತದೆ. ಸೌದಿ, ಕುವೈತ್, ಕತಾರ್, ಒಮಾನ್, ಯುಎಇ, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯಲು ಹೊರಟರೆ ಇಂಥವರು ಸರ್ಕಾರದ ವಲಸೆ ರಕ್ಷಣಾಧಿಕಾರಿಯಿಂದ ಅನುಮತಿ ಪಡೆಯಬೇಕು. 1983ರ ವಲಸೆ ಕಾಯ್ದೆ ತಂದ ಕಟ್ಟಳೆ ಇದು. ಓದದ ಕೂಲಿಯವನಿಗೆ ಮೋಸವಾಗದಿರಲಿ ಎಂಬುದು ಉದ್ದೇಶ. ಕೆಲಸ ಕೊಡುವ ಕಂಪನಿ ಇ-ಮೈಗ್ರೇಟ್ ಪೋರ್ಟಲ್ಲಿನಲ್ಲಿ ನೋಂದಣಿಯಾಗಿರಬೇಕು, ಕರಾರುಪತ್ರ ಅಲ್ಲೇ ಇರಬೇಕು. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ₹30,000, ಮೇಲೆ ಜಿಎಸ್‌ಟಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ ₹275 ಕಟ್ಟಿದರೆ ₹10 ಲಕ್ಷದ ವಿಮೆ ಸಿಗುತ್ತದೆ.

2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸು. ಇಡೀ ರಾಜ್ಯದ್ದು ಶೇ 75 ದಾಟಿತ್ತು. ಇಲ್ಲಿಂದ ಹೊರಡುವ ಅನೇಕರಿಗೆ ಈ ಇಸಿಆರ್ ನಿಯಮವೇ ಅನ್ವಯ. ನಿಯಮ ಚೆನ್ನಾಗಿಯೇ ಇದೆ. ಆದರೆ ಅದು ಗೊತ್ತಿರುವುದು ಯಾರಿಗೆ? ಏಜೆಂಟ್ ಈ ಗೋಜಲು ತಪ್ಪಿಸಲು ಸುಲಭದ ದಾರಿ ತೋರಿಸುತ್ತಾನೆ: ‘ವಿಸಿಟ್ ವೀಸಾದಾಗ ಹೋಗು, ಅಲ್ಲಿ ಹೋದಮ್ಯಾಲೆ ಕೆಲಸದ ವೀಸಾ ಮಾಡ್ಸಿಕೊಡ್ತೀನಿ.’ ಆ ಒಂದು ಮಾತಿಗೆ ತಲೆಯಾಡಿಸಿದ ಗಳಿಗೆಯಲ್ಲೇ ಕರಾರು, ವಿಮೆ, ರಾಯಭಾರ ಕಚೇರಿಯ ದಾಖಲೆ, ಎಲ್ಲ ರಕ್ಷಣೆಯೂ ಕೈಬಿಡುತ್ತದೆ.

ಹೆಸರಿನ ಕಥೆ ಇನ್ನೊಂದು. ಉತ್ತರ ಕರ್ನಾಟಕದ ಪ್ರತಿ ಮನೆತನಕ್ಕೂ ಅಡ್ಡಹೆಸರು ಇದ್ದೇ ಇದೆ. ಊರೆಲ್ಲ ಕರೆಯುವುದೂ ಅದರಿಂದಲೇ. ಆದರೆ ಶಾಲೆಯಲ್ಲಿ ‘ಹನಮಪ್ಪ ತಂದೆ ಯಮನಪ್ಪ’ ಎಂದು ಬರೆಸಿದವರ ಪಾಸ್‌ಪೋರ್ಟಿನಲ್ಲಿ ಬರೀ ಹನಮಪ್ಪ ಉಳಿಯುವುದುಂಟು. 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಸಂದರ್ಶಕ ವೀಸಾದಂಥವುಗಳ ಮೇಲೆ ಒಳಬಿಡುವುದಿಲ್ಲ ಎಂದು ಯುಎಇ ತಿಳಿಸಿತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೂ ನಡೆಯುತ್ತದೆ ಎಂಬ ಸಡಿಲಿಕೆ ಆಮೇಲೆ ಬಂತು. ಹನಮಪ್ಪನೋ ಹನುಮಪ್ಪನೋ, ಇಂಗ್ಲಿಷಿನ ಒಂದಕ್ಷರ ಆಚೀಚೆಯಾದರೂ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಮತ್ತೆ ಪೊಲೀಸ್ ಪರಿಶೀಲನೆ. ಮೊದಲೆಲ್ಲ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆಂದು ಹುಬ್ಬಳ್ಳಿಗೋ ಕಲಬುರಗಿಗೋ ಹೋಗಬೇಕಿತ್ತು. 2017ರಲ್ಲಿ ಮೈಸೂರಿನಿಂದ ಶುರುವಾದ ಅಂಚೆ ಕಚೇರಿ ಕೇಂದ್ರಗಳು ಆ ಅಲೆದಾಟವನ್ನು ಎಷ್ಟೋ ಕಡಿಮೆ ಮಾಡಿವೆ. ದಿನಗೂಲಿಯವನಿಗೆ ಒಂದು ಓಡಾಟ ಎಂದರೆ ಎರಡು ದಿನದ ಪಗಾರ.

ಹೋದವರಲ್ಲಿ ಕೆಲವರಿಗೆ ಏನಾಯಿತು ಎಂಬುದನ್ನು ಈ ಸೀಮೆ ಹತ್ತಿರದಿಂದ ಕಂಡಿದೆ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಅವರಲ್ಲೊಬ್ಬರು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನವರು. ಕಲಬುರಗಿಯದೇ ಮೂವರು ಯುವಕರು ಸೆಕ್ಯುರಿಟಿ ಕೆಲಸ ಎಂಬ ಭರವಸೆ ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧಕ್ಕೆ ಸಿಕ್ಕಿಬಿದ್ದರು. ಯೂಟ್ಯೂಬ್ ವಿಡಿಯೊ ತೋರಿಸಿ ಹುಡುಗರನ್ನು ಸೆಳೆದ ಏಜೆಂಟರ ಜಾಲದ ಮೇಲೆ ಸಿಬಿಐ ಪ್ರಕರಣ ದಾಖಲಿಸಿತು. ಆ ಮೂವರು ಮನೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಹಿಂದಿನ ವರ್ಷ, ಗಿಡಮೂಲಿಕೆ ಔಷಧಿ, ಎಣ್ಣೆ ಮಾರುತ್ತ ಸುಡಾನ್ ತಲುಪಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳು ಅಲ್ಲಿನ ಅಂತರ್ಯುದ್ಧದ ನಡುವೆ ಸಿಲುಕಿದವು. ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಅವರನ್ನು ಕರೆತಂದಿತು. ಹೆಚ್ಚು ಓದಿಲ್ಲದ ಜನ ಕೈಕಸುಬೊಂದನ್ನೇ ನೆಚ್ಚಿ ಆಫ್ರಿಕಾದವರೆಗೆ ಹೋಗಿದ್ದರು ಎಂಬುದು ನಿಜಕ್ಕೂ ದೊಡ್ಡ ಸಾಹಸ. ಅವರನ್ನು ಬರೀ ಸಂತ್ರಸ್ತರೆಂದು ಕರೆದರೆ ಆ ಸಾಹಸಕ್ಕೆ ಅನ್ಯಾಯ ಮಾಡಿದಂತೆ.

ಓದಲು ಹೋಗುವವರ ಹಾದಿಯೂ ಹಗುರವಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ. ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ಇಲ್ಲಿ ಕೈಗೆಟಕುವ ಸೀಟು ಸಿಗಲಿಲ್ಲ ಎಂದು ತಂದೆ ಹೇಳಿದ ಮಾತು ಆಗ ನಾಡಿನ ಎಷ್ಟೋ ಮನೆಗಳನ್ನು ಕಲಕಿತು. ಮಗನ ದೇಹವನ್ನು ಕುಟುಂಬ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿತು. ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದು ದಶಕವಾಯಿತು, ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇದೆ. ಆದರೂ ಸೀಟುಗಳಿಗಿಂತ ಆಸೆ ಹೊತ್ತ ಮಕ್ಕಳೇ ಹೆಚ್ಚು. ಹೊರದೇಶದಲ್ಲಿ ಎಂಬಿಬಿಎಸ್ ಮಾಡಿ ಬರುವವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳಿವೆ: ಕನಿಷ್ಠ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್, ಇಂಗ್ಲಿಷ್ ಮಾಧ್ಯಮ. ಇವನ್ನು ನೋಡದೆ ಹಣ ಕಟ್ಟಿದವರು ಓದು ಮುಗಿದ ಮೇಲೂ ಅತಂತ್ರರಾಗುತ್ತಾರೆ.

ಮಿಕ್ಕ ದೇಶಗಳೂ ಬಾಗಿಲು ಬಿಗಿ ಮಾಡುತ್ತಿವೆ. ಕೆನಡಾ 2024ರ ಜನವರಿಯಿಂದ, ಓದಲು ಬರುವವರು ಖರ್ಚಿಗೆಂದು ತೋರಿಸಬೇಕಾದ ಮೊತ್ತವನ್ನು 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ವರ್ಷದ ಖರ್ಚಿಗೆ 11,904 ಯೂರೊ ಮುಂಚಿತವಾಗಿ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅಮೆರಿಕದ ಎಚ್-1ಬಿ ಮಿತಿ ವರ್ಷಕ್ಕೆ 85,000. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಆದೇಶವೂ ಹೊರಟಿತು.

ಇಷ್ಟು ಹಣ ಎಲ್ಲಿಂದ ತರಬೇಕು? ಬ್ಯಾಂಕಿನ ಶೈಕ್ಷಣಿಕ ಸಾಲ ₹7.5 ಲಕ್ಷ ದಾಟಿತೆಂದರೆ ಸಾಮಾನ್ಯವಾಗಿ ಆಸ್ತಿಯ ಅಡವು ಕೇಳುತ್ತಾರೆ. ಹತ್ತು ಎಕರೆ ಹೊಲವಿದ್ದರೂ ಕೃಷಿ ಜಮೀನನ್ನು ಇಂಥ ಸಾಲಕ್ಕೆ ಅಡವಾಗಿ ಒಪ್ಪಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಊರೊಳಗಿನ ಮನೆ ತೋರಿಸೋಣವೆಂದರೆ ಅಜ್ಜನ ಹೆಸರಲ್ಲೇ ಉಳಿದ ಉತಾರ. ಇ-ಸ್ವತ್ತಿನಲ್ಲಿ ನಮೂನೆ 9, 11 ಆಗಿರುವುದಿಲ್ಲ. ಹೀಗೆ ಆಸ್ತಿ ಇದ್ದೂ ಇಲ್ಲದವರಾಗಿ, ಮೂರು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಇಳಿಯುವ ಮನೆಗಳ ಸಂಕಟ ದೊಡ್ಡದು. ಸರ್ಕಾರದ ನೆರವು ಇಲ್ಲವೆಂದಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ, ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇದರ ಸುದ್ದಿ ಪದವಿ ಮುಗಿದ ಮೇಲಲ್ಲ, ಪಿಯುಸಿ ಓದುವಾಗಲೇ ಕಿವಿಗೆ ಬೀಳಬೇಕು.

ಈ ಅಸಮಾನತೆ ಕಣ್ಣಿಗೆ ರಾಚುವ ಜಾಗವೊಂದು ಗಂಗಾವತಿ ತಾಲ್ಲೂಕಿನಲ್ಲೇ ಇದೆ. ಆನೆಗೊಂದಿ, ಸಣಾಪುರದ ಬಂಡೆಗಳ ನಡುವೆ ಯುರೋಪಿನಿಂದ, ಇಸ್ರೇಲಿನಿಂದ ಬಂದವರು ವಾರಗಟ್ಟಲೆ ಉಳಿಯುತ್ತಾರೆ. ವಿರೂಪಾಪುರಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟ್ ಆದೇಶದಂತೆ 2020ರಲ್ಲಿ ನೆಲಸಮವಾಗುವವರೆಗೆ ಅಲ್ಲಿ ಹೀಬ್ರೂ ಫಲಕಗಳೂ ಇದ್ದವು. ತೆಪ್ಪ ಹಾಕುವ, ಬೈಕ್ ಬಾಡಿಗೆಗೆ ಕೊಡುವ ಹುಡುಗರು ಆ ಅತಿಥಿಗಳ ಬಾಯಿಂದಲೇ ಇಂಗ್ಲಿಷ್ ಕಲಿತರು. ಆ ಅತಿಥಿಗಳಲ್ಲಿ ಅನೇಕರು ಮನೆಯಲ್ಲೇ ಕೂತು ಇ-ವೀಸಾ ಪಡೆದು ಬಂದವರು. ಅದೇ ಹುಡುಗ ಅವರ ಊರು ನೋಡಬೇಕೆಂದರೆ ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆ ಪತ್ರ, ವಾಪಸ್ ಟಿಕೆಟ್ಟು, ಬೆರಳಚ್ಚಿಗೆ ಬೆಂಗಳೂರಿನ ಪ್ರಯಾಣ. ಶೆಂಗೆನ್ ವೀಸಾ ಶುಲ್ಕ 90 ಯೂರೊ, ತಿರಸ್ಕಾರವಾದರೂ ಹಿಂತಿರುಗುವುದಿಲ್ಲ. ಬಂದವರನ್ನು ಇಷ್ಟು ಸಲೀಸಾಗಿ ಬರಮಾಡಿಕೊಂಡ ನೆಲದ ಮಕ್ಕಳಿಗೆ ಇದು ನೋಯುವ ಸಂಗತಿ. ನೋಯಬೇಕಾದ ಸಂಗತಿಯೂ ಹೌದು.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಬಾರಿ ಪ್ಯಾಸೆಂಜರ್ ರೈಲು ಬಂತು. ಗಂಗಾವತಿಗೆ ಅದಕ್ಕೂ ಮೊದಲೇ ಬಂದಿತ್ತು. ಭೂಮಿಯ ಮೇಲಿನ ದೂರ ಕರಗುತ್ತಿದೆ. ಕಾಗದದ ದೂರವೂ ನಿಧಾನವಾಗಿ ಕರಗೀತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕೆಂದರೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಆ ಮಕ್ಕಳ ಮೊದಲ ತಂಡ ಒಂದನೇ ತರಗತಿಗೆ ಸೇರುವುದು 2030ರಲ್ಲಿ. ಆಗ ಮೇಷ್ಟ್ರು ತಾರೀಖು ಊಹಿಸಬೇಕಾಗಿ ಬಾರದು. ಹುಟ್ಟಿದ 21 ದಿನದೊಳಗೆ ನೋಂದಣಿ ಉಚಿತ. ಹೆಸರು ಇನ್ನೂ ಇಟ್ಟಿಲ್ಲವಾದರೆ ಆಮೇಲೆ ಸೇರಿಸಬಹುದು. ಹೆರಿಗೆ ವಾರ್ಡಿನಿಂದ ಮನೆಗೆ ಹೊರಟ ಬಾಣಂತಿಯ ಮುಂದೆ ನಮೂನೆ ಹಿಡಿದ ಸಿಬ್ಬಂದಿ ಕೇಳುತ್ತಾರೆ: ‘ಅಡ್ಡಹೆಸರು ಏನಂತ ಬರೀಲಿ, ಯವ್ವಾ?’ ಆಕೆ ಗಂಡನ ಕಡೆ ನೋಡುತ್ತಾಳೆ. ಅವನು ಜೇಬಿನಿಂದ ಆಧಾರ್ ಕಾರ್ಡು ತೆಗೆದು, ಒಂದೊಂದೇ ಅಕ್ಷರ ಓದಿ ಹೇಳತೊಡಗುತ್ತಾನೆ.