ಮನೆಯಿಂದ ದುಡಿಯುವವರಿಗೊಂದು ಸ್ಥಿರ ವಿಳಾಸ

ಸಂಸ್ಕೃತದ ‘ವಿಲಾಸ’ಕ್ಕೆ ಲೀಲೆ, ಬೆಡಗು ಎಂಬ ಅರ್ಥಗಳಿವೆ. ಕನ್ನಡದಲ್ಲಿ ‘ವಿಳಾಸ’ವೆಂದರೆ ಕಾಗದ ತಲುಪಬೇಕಾದ ಮನೆ ಮತ್ತು ಊರು. ನೆರೆಯ ಮಲಯಾಳದಲ್ಲಿ ಅದು ‘ಮೇಲ್ವಿಲಾಸಂ’. ಇಂದು ಈ ಪದದ ವ್ಯಾಪ್ತಿ ಅಂತರ್ಜಾಲಕ್ಕೂ ಹಬ್ಬಿದೆ. ಆದರೆ ಅಂಚೆಯ ವಿಳಾಸದಂತೆ ಅಂತರ್ಜಾಲದ ವಿಳಾಸ ಒಂದೆಡೆ ನಿಲ್ಲುವುದಿಲ್ಲ. ಮನೆಯಲ್ಲಿ ಕುಳಿತು ದೂರದ ಕಚೇರಿಗೆ ದುಡಿಯುವವರಿಗೆ ತೊಡಕಾಗುವುದು ಇದೇ.

ಕಾಸರಗೋಡಿನ ಒಳನಾಡಿನಲ್ಲಿ, ಅಡಕೆ ತೋಟದ ನಡುವಿನ ಮನೆಯಿಂದಲೇ ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ಪದವೀಧರೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಸಂಸ್ಥೆಯ ಸರ್ವರ್ ತನ್ನ ಪಟ್ಟಿಯಲ್ಲಿರುವ ವಿಳಾಸಗಳಿಂದ ಬಂದವರಿಗಷ್ಟೇ ಬಾಗಿಲು ತೆರೆಯುತ್ತದೆ. ಮಳೆಗಾಲದ ಒಂದು ಸಂಜೆ ವಿದ್ಯುತ್ ಹೋಗಿ ಬರುತ್ತದೆ. ರೌಟರ್ ಮರಳಿ ಚಾಲನೆಗೊಂಡಾಗ ಮನೆಗೆ ಹೊಸ ವಿಳಾಸ ಸಿಕ್ಕಿರುತ್ತದೆ. ಕಂಪ್ಯೂಟರ್ ಅದೇ, ಗುಪ್ತಪದವೂ ಅದೇ. ಆದರೂ ಸರ್ವರಿನ ಪಾಲಿಗೆ ಅವಳು ಅಪರಿಚಿತೆ. ಈ ಅಡಚಣೆ ಪದೇ ಪದೇ ಒದಗಿದರೆ ಊರಿನಲ್ಲಿದ್ದುಕೊಂಡೇ ದುಡಿಯುವ ಅವಕಾಶ ಕೈತಪ್ಪೀತು.

ವಿಳಾಸ ಬದಲಾಗುವುದಕ್ಕೆ ಮುಖ್ಯ ಕಾರಣ ಕೊರತೆ. 1981ರಲ್ಲಿ ರೂಪುಗೊಂಡ ಐಪಿ ನಾಲ್ಕನೆಯ ಆವೃತ್ತಿಯ ವಿಳಾಸದಲ್ಲಿರುವುದು 32 ದ್ವಿಮಾನ ಅಂಕಿಗಳು. ಅವುಗಳಿಂದ ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಜಾಗತಿಕ ಸಂಗ್ರಹದಲ್ಲಿ ಹಂಚಲು ಉಳಿದಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಮುಗಿದವು. ಆದ್ದರಿಂದ ಸೇವಾ ಸಂಸ್ಥೆಗಳು ವಿಳಾಸಗಳನ್ನು ಗ್ರಾಹಕರಿಗೆ ಎರವಲಾಗಿ ಕೊಟ್ಟು ಹಿಂಪಡೆಯುತ್ತವೆ. ಅನೇಕ ಸಂಸ್ಥೆಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಇದು ವಿದ್ಯಾರ್ಥಿನಿಲಯದ ವ್ಯವಸ್ಥೆಯಂತೆ: ಹೊರಗಿನವರಿಗೆ ತಿಳಿದಿರುವುದು ನಿಲಯದ ವಿಳಾಸ ಮಾತ್ರ. ಒಳಗಿನವರು ಬರೆದ ಕಾಗದಕ್ಕೆ ಬಂದ ಮಾರೋಲೆಯನ್ನು ಮೇಲ್ವಿಚಾರಕರು ಆಯಾ ಕೋಣೆಗೆ ತಲುಪಿಸಬಲ್ಲರು. ಕೋಣೆಯ ಗುರುತಿಲ್ಲದೆ ತಾನಾಗಿ ಬಂದ ಕಾಗದವನ್ನು ತಲುಪಿಸಲಾರರು.

ಇಲ್ಲಿ ಎರಡು ಬಗೆಯ ವಿಳಾಸಗಳನ್ನು ಬೇರ್ಪಡಿಸಿ ನೋಡಬೇಕು. ಮನೆಯೊಳಗಿನ ಕಂಪ್ಯೂಟರಿಗೆ ರೌಟರ್ ನೀಡುವ, 192.168 ಎಂದು ಆರಂಭವಾಗುವಂತಹ ವಿಳಾಸ ಖಾಸಗಿಯಾದದ್ದು. ಕಂಪ್ಯೂಟರಿನಲ್ಲಿ ಇದನ್ನು ಸ್ಥಿರಗೊಳಿಸಿದರೂ ಹೊರಜಗತ್ತಿಗೆ ಅದು ಕಾಣದು. ಕಚೇರಿ ಕೇಳುವುದು ಹೊರಗೆ ಕಾಣುವ ಸಾರ್ವಜನಿಕ ವಿಳಾಸವನ್ನು. ರೌಟರಿನ ಹೊರಮುಖದಲ್ಲಿ ನಮೂದಾಗಿರುವ ವಿಳಾಸವೂ ಹೊರಗಿನ ಜಾಲತಾಣಗಳಿಗೆ ಕಾಣುವ ವಿಳಾಸವೂ ಬೇರೆಯಾಗಿದ್ದರೆ ಮನೆಯ ಸಂಪರ್ಕ ಸಾಮಾನ್ಯವಾಗಿ ಹಂಚಿಕೆಯ ವಿಳಾಸದಲ್ಲಿದೆಯೆಂದು ತಿಳಿಯಬಹುದು. ಹೊರಮುಖದ ವಿಳಾಸ 100.64ರಿಂದ 100.127ರವರೆಗಿನ ಶ್ರೇಣಿಯಲ್ಲಿದ್ದರೆ ಅದೂ ಇದೇ ಸೂಚನೆ. ಈ ಶ್ರೇಣಿಯನ್ನು 2012ರಲ್ಲಿ ಇಂತಹ ಹಂಚಿಕೆಗೆಂದೇ ಮೀಸಲಿಡಲಾಯಿತು.

ಪರಿಹಾರವನ್ನು ಹುಡುಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸಂಪರ್ಕ ಮನೆಯಿಂದ ಹೊರಡುತ್ತದೆಯೋ, ಹೊರಗಿನಿಂದ ಮನೆಗೆ ಬರುತ್ತದೆಯೋ? ಮನೆಯಿಂದ ಕಚೇರಿಯ ಸರ್ವರನ್ನು ತಲುಪುವುದಷ್ಟೇ ಉದ್ದೇಶವಾದರೆ ದಾರಿಗಳು ಎರಡು. ಮೊದಲನೆಯದು, ಸೇವಾ ಸಂಸ್ಥೆಯಿಂದ ‘ಸ್ಟ್ಯಾಟಿಕ್ ಐಪಿ’ ಪಡೆಯುವುದು. ಫೈಬರ್ ಸಂಪರ್ಕವಿರುವವರಿಗೆ ಹಲವು ಸಂಸ್ಥೆಗಳು ಹೆಚ್ಚುವರಿ ಶುಲ್ಕಕ್ಕೆ ಇದನ್ನು ಒದಗಿಸುತ್ತವೆ. ಸಾಮಾನ್ಯ ಮೊಬೈಲ್ ಸಿಮ್‌ಗೆ ಇದು ದೊರೆಯುವುದು ವಿರಳ. ಎರಡನೆಯದು, ಕಚೇರಿಯೇ ನಡೆಸುವ ವಿಪಿಎನ್. ಉದ್ಯೋಗಿ ಎಲ್ಲಿಂದ ಬಂದರೂ ಮೊದಲು ವಿಪಿಎನ್ ದ್ವಾರದಲ್ಲಿ ತನ್ನ ಗುರುತನ್ನು ತೋರಿಸುತ್ತಾನೆ. ಅಲ್ಲಿಂದ ಮುಂದೆ ಸರ್ವರಿಗೆ ಕಾಣುವುದು ಆ ದ್ವಾರದ ಸ್ಥಿರ ವಿಳಾಸ. ಮನೆಯ ವಿಳಾಸ ದಿನಕ್ಕೆ ಹತ್ತು ಬಾರಿ ಬದಲಾದರೂ ಪಟ್ಟಿಯನ್ನು ತಿದ್ದಬೇಕಾಗಿಲ್ಲ.

ಹೊರಗಿನಿಂದ ಮನೆಯ ಕಂಪ್ಯೂಟರನ್ನು ತಲುಪಬೇಕಾದವರ ಅಗತ್ಯ ಬೇರೆ. ಮನೆಗೆ ಪ್ರತ್ಯೇಕ ಸಾರ್ವಜನಿಕ ವಿಳಾಸವಿದ್ದು ಅದು ಬದಲಾಗುತ್ತಿದ್ದರೆ, ಹೊಸ ವಿಳಾಸವನ್ನು ಒಂದು ಹೆಸರಿಗೆ ತಾನಾಗಿ ಜೋಡಿಸುವ ‘ಡೈನಾಮಿಕ್ ಡಿಎನ್‌ಎಸ್’ ಸೇವೆ ಸಾಕು. ಹಂಚಿಕೆಯ ವಿಳಾಸದಲ್ಲಿರುವವರು ಸ್ಥಿರ ವಿಳಾಸವುಳ್ಳ ಬಾಡಿಗೆ ಸರ್ವರೊಂದನ್ನು ನಡುವೆ ಇರಿಸಿಕೊಳ್ಳಬಹುದು. ಮನೆಯ ಕಂಪ್ಯೂಟರ್ ಅದರೊಡನೆ ತಾನೇ ಸಂಪರ್ಕ ಸಾಧಿಸಿ ಕಾಯುತ್ತದೆ. 128 ದ್ವಿಮಾನ ಅಂಕಿಗಳ ಐಪಿ ಆರನೆಯ ಆವೃತ್ತಿಯಲ್ಲಿ ಕೊರತೆಯ ಮಾತಿಲ್ಲ. ಆದರೆ ಅದರ ಪ್ರಯೋಜನ ದೊರೆಯಬೇಕಾದರೆ ಮನೆ ಮತ್ತು ಕಚೇರಿ ಎರಡೂ ಕಡೆ ಅದು ಜಾರಿಯಲ್ಲಿರಬೇಕು. ಅದರಲ್ಲಿಯೂ ಮನೆಗೆ ಸಿಗುವ ವಿಳಾಸ ಸ್ಥಿರವಾಗಿಯೇ ಇರುತ್ತದೆಂದು ಹೇಳಲಾಗದು.

ಸ್ಥಿರ ವಿಳಾಸದಿಂದ ವೇಗ ಹೆಚ್ಚುವುದಿಲ್ಲ. ವಿದ್ಯುತ್ ಹೋದಾಗ ಅದು ನೆರವಿಗೆ ಬಾರದು. ರೌಟರಿಗೂ ಫೈಬರ್ ಪೆಟ್ಟಿಗೆಗೂ ಸಣ್ಣ ಬ್ಯಾಟರಿಯ ಆಸರೆ ಬೇಕೇ ಬೇಕು. ಅದಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ತೆರೆದ ಬಾಗಿಲುಗಳನ್ನು ಹುಡುಕುತ್ತಾ ಸ್ವಯಂಚಾಲಿತ ತಂತ್ರಾಂಶಗಳು ಅಂತರ್ಜಾಲದ ವಿಳಾಸಗಳನ್ನು ಸದಾ ತಡಕುತ್ತಿರುತ್ತವೆ. ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಹೊರಗೆ ತೆರೆದಿಡುವುದು ಬೀಗವಿಲ್ಲದ ಮನೆಗೆ ನಾಮಫಲಕ ತೂಗುಹಾಕಿದಂತೆ. ಅಲ್ಲದೆ ವಿಳಾಸ ಮನೆಯನ್ನು ತೋರಿಸುತ್ತದೆಯೇ ಹೊರತು ಮನೆಯೊಳಗಿನ ವ್ಯಕ್ತಿಯನ್ನಲ್ಲ. ಅದೇ ಸಂಪರ್ಕವನ್ನು ಬಳಸುವ ಅತಿಥಿಯೂ ಸರ್ವರಿನ ಕಣ್ಣಿಗೆ ಉದ್ಯೋಗಿಯಂತೆಯೇ ಕಾಣುತ್ತಾನೆ. ಆದ್ದರಿಂದ ಗುಪ್ತಪದ ಮತ್ತು ಎರಡು ಹಂತದ ದೃಢೀಕರಣಕ್ಕೆ ವಿಳಾಸ ಬದಲಿಯಾಗದು.

ಹೀಗಿರುವಾಗ, ಕೆಲಸಕ್ಕೆ ಸೇರುವವರು ಸೇವಾ ಸಂಸ್ಥೆಯ ಬಾಗಿಲು ತಟ್ಟುವ ಮೊದಲು ಕಚೇರಿಯವರನ್ನೇ ಕೇಳುವುದು ಒಳ್ಳೆಯದು: ವಿಪಿಎನ್ ಒದಗಿಸುವಿರೋ, ಸ್ಥಿರ ವಿಳಾಸವೇ ಬೇಕೋ, ಬೇಕಾದರೆ ಅದರ ಖರ್ಚು ಯಾರದು? ತೋಟದ ಮನೆಯ ಪದವೀಧರೆಗೆ ವಿಪಿಎನ್ ದೊರೆತರೆ, ಮುಂದಿನ ಮಳೆಗಾಲದಲ್ಲಿ ರೌಟರ್ ಎಷ್ಟು ಬಾರಿ ಆರಿ ಹೊತ್ತಿಕೊಂಡರೂ ಕಚೇರಿಯ ಬಾಗಿಲು ಅವಳಿಗೆ ತೆರೆದೇ ಇರುತ್ತದೆ.